ಕಾರಿನ ಸೀಟು: ಹೊರಡುವ ಮುಂಚಿನ ಹೊಂದಾಣಿಕೆ

ಕಾರಿನ ಸೀಟನ್ನು ಗಾಡಿ ನಿಂತಿರುವಾಗಲೇ ಹೊಂದಿಸಿಕೊಳ್ಳಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿರಬೇಕು. ಎದೆಗೂ ಸ್ಟಿಯರಿಂಗ್‌ಗೂ ಕನಿಷ್ಠ 25 ಸೆಂ.ಮೀ. ಅಂತರ ಬೇಕು; ಏರ್‌ಬ್ಯಾಗ್ ಉಬ್ಬುವುದು ಅಲ್ಲಿಂದಲೇ. ಹೆಡ್‌ರೆಸ್ಟ್ ಇರುವುದು ನಿದ್ದೆಗಲ್ಲ, ಹಿಂದಿನಿಂದ ಗುದ್ದಿದಾಗ ಕತ್ತನ್ನು ಕಾಯಲು. ಅದರ ಮೇಲಂಚು ನೆತ್ತಿಯ ಮಟ್ಟಕ್ಕಿರಲಿ.

ಹಾನಗಲ್, ಸವಣೂರು, ಹಿರೇಕೆರೂರು ಕಡೆ ಮದುವೆ, ಜಾತ್ರೆಗೆ ಹೊರಟ ಕಾರುಗಳಲ್ಲಿ ಮಗು ಮುಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲಿರುತ್ತದೆ. ಪ್ರೀತಿ ನಿಜ, ಆದರೆ ಶಿಗ್ಗಾವಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 48ರ ವೇಗದಲ್ಲಿ ಗಕ್ಕನೆ ಬ್ರೇಕ್ ಬಿದ್ದರೆ ಆ ಕೈಗಳ ಬಲ ಸಾಲದು. ಮಗುವಿನ ಜಾಗ ಹಿಂದಿನ ಸೀಟೇ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಡಿ 1000 ರೂಪಾಯಿ ದಂಡವಿದೆ.