ಲವ್‌ಬರ್ಡ್‌ನ ನವಣೆಯಿಂದ ಬಿ1 ವಿಟಮಿನ್ ಪಾಠ

ಆಹಾರದ ಘಟಕಗಳ ಪಾಠದಲ್ಲಿ ಬಿ1, ಅಂದರೆ ಥಯಾಮಿನ್, ‘ಕೊರತೆಯಾದರೆ ಬೆರಿಬೆರಿ’ ಎಂಬ ಒಂದೇ ಸಾಲಿಗೆ ಮುಗಿಯುತ್ತದೆ. ನಮ್ಮ ವಿದ್ಯಾರ್ಥಿಗಳು ಬೆರಿಬೆರಿಯನ್ನು ಕಂಡಿಲ್ಲ. ಲವ್‌ಬರ್ಡ್ಸ್ ಎಂದು ಮಾರುವ ಬಜರಿಗರ್ ಗಿಳಿಗಳನ್ನು ಕಂಡಿದ್ದಾರೆ. ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಲ್ಲಿ ಇವನ್ನು ಸಾಕಿದ ಮನೆಗಳಿವೆ. ಆದ್ದರಿಂದ ಬೋಧನಾಭ್ಯಾಸದಲ್ಲಿ ನಾನು ಈ ಹಕ್ಕಿಯನ್ನೇ ಪೂರ್ವಜ್ಞಾನವಾಗಿ ತೆಗೆದುಕೊಂಡೆ.

‘ನವಣೆ ಮುಗಿದರೆ ಮನೆಯ ಅಕ್ಕಿಯನ್ನೇ ದಿನಾ ಹಾಕಬಹುದೇ?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪಾಠದ ಮುಖ್ಯ ಪ್ರಶ್ನೆ ಅದೇ ಆಯಿತು.

ಪ್ರತಿ ಗುಂಪಿಗೂ ನವಣೆ, ಪಾಲಿಶ್ ಮಾಡದ ಅಕ್ಕಿ, ಪಾಲಿಶ್ ಅಕ್ಕಿ ಮತ್ತು ಒಂದು ಭೂತಗನ್ನಡಿ ಕೊಟ್ಟೆ. ಗಿಳಿ ಕೊಕ್ಕಿನಿಂದ ನವಣೆಯ ಹೊರಸಿಪ್ಪೆಯನ್ನು ಮಾತ್ರ ಸುಲಿದು ಬಿಸಾಡುತ್ತದೆ; ಒಳಗಿನ ತವುಡಿನ ಪದರ ಮತ್ತು ಮೊಳಕೆಯ ಭಾಗವನ್ನು ತಿನ್ನುತ್ತದೆ. ಥಯಾಮಿನ್ ಹೆಚ್ಚಾಗಿ ಇರುವುದು ಅಲ್ಲೇ. ಗಿರಣಿಯ ಪಾಲಿಶ್ ಆ ಪದರವನ್ನೂ ತೆಗೆದುಹಾಕುತ್ತದೆ. ನಮ್ಮ ತರಗತಿಯಲ್ಲಿ ತಮಿಳು, ತೆಲುಗು ಮನೆಮಾತಿನವರೂ ಇದ್ದಾರೆ. ತವಿಡು, ತವುಡು ಎಂಬ ಅವರ ಪದಗಳೇ ಪಾಠಕ್ಕೆ ನೆರವಾದವು.

ಪಿಷ್ಟದಿಂದ ಶಕ್ತಿ ಪಡೆಯಲು ಜೀವಕೋಶಗಳಿಗೆ ಥಯಾಮಿನ್ ಬೇಕು. ನರಗಳು ಗ್ಲೂಕೋಸನ್ನೇ ಬಹಳವಾಗಿ ನೆಚ್ಚಿರುವುದರಿಂದ ಕೊರತೆಯ ಪೆಟ್ಟು ಅವುಗಳಿಗೆ ಬೇಗ ಬೀಳುತ್ತದೆ. ಈ ವಿಟಮಿನ್ ನೀರಿನಲ್ಲಿ ಕರಗುತ್ತದೆ, ದೇಹದಲ್ಲಿ ಹೆಚ್ಚು ಸಂಗ್ರಹವಾಗದು. ಆಹಾರದಲ್ಲಿ ನಿತ್ಯ ಸಿಗಬೇಕು.

ಇದಕ್ಕೆ ಚರಿತ್ರೆಯ ಸಾಕ್ಷಿಯೂ ಹಕ್ಕಿಯದೇ. 1890ರ ಸುಮಾರಿಗೆ ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅವರ ಕೋಳಿಗಳು ಪಾಲಿಶ್ ಅಕ್ಕಿಯ ಅನ್ನ ತಿಂದು ಕಾಲಿನ ಬಲ ಕಳೆದುಕೊಂಡವು. ಪಾಲಿಶ್ ಮಾಡದ ಅಕ್ಕಿಗೆ ಮರಳಿದಾಗ ಚೇತರಿಸಿಕೊಂಡವು. 1929ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಈ ಪ್ರಯೋಗವನ್ನು ಕಥೆಯಾಗಿ ಹೇಳಬೇಕು. ಮನೆಯ ಹಕ್ಕಿಯ ಮೇಲೆ ಯಾರೂ ಮಾಡಬಾರದು ಎಂದು ಸ್ಪಷ್ಟಪಡಿಸಿದೆ.

ಇನ್ನೆರಡು ಎಚ್ಚರಿಕೆಗಳನ್ನೂ ಪಾಠಯೋಜನೆಯಲ್ಲಿ ಸೇರಿಸಿದೆ. ಒಂದು, ನವಣೆಯೊಂದೇ ಪೂರ್ಣ ಆಹಾರವಲ್ಲ. ಎ ವಿಟಮಿನ್, ಕ್ಯಾಲ್ಸಿಯಂಗಳಿಗಾಗಿ ತೊಳೆದ ನುಗ್ಗೆ ಸೊಪ್ಪಿನಂಥ ಹಸಿರೂ ಬೇಕು. ಎರಡು, ಕಾಲು ಸೋತ ಗಿಳಿಗೆಲ್ಲ ಬಿ1 ಕೊರತೆಯೇ ಇರಬೇಕಿಲ್ಲ. ಪೆಟ್ಟು, ಗಡ್ಡೆ, ಮೊಟ್ಟೆ ಸಿಕ್ಕಿಕೊಳ್ಳುವುದು ಕೂಡ ಕಾರಣವಾಗಬಹುದು. ಮನೆಯ ಮಾತ್ರೆ ಪುಡಿಮಾಡಿ ಕೊಡದೆ ಪಶುವೈದ್ಯರಿಗೆ ತೋರಿಸಬೇಕು. ಒಂದು ಲಕ್ಷಣಕ್ಕೆ ಹಲವು ಕಾರಣಗಳಿರಬಹುದು ಎಂಬುದೂ ವಿಜ್ಞಾನದ ಕಲಿಕೆಯೇ.

ಮೌಲ್ಯಮಾಪನಕ್ಕೆ ‘ಕೊರತೆಯ ರೋಗ ಯಾವುದು?’ ಎಂದು ಕೇಳಲಿಲ್ಲ. ‘ಗಿಳಿ ಏನನ್ನು ಬಿಸಾಡುತ್ತದೆ, ಗಿರಣಿ ಏನನ್ನು ಬಿಸಾಡುತ್ತದೆ?’ ಎಂದು ಕೇಳಿದೆ. ಉತ್ತರ ಬರೆದ ಮಕ್ಕಳು ತಮ್ಮ ಮನೆಯ ಅನ್ನದ ಬಗ್ಗೆಯೂ ಕೇಳತೊಡಗಿದರು.