ಭಾನುವಾರದ ಬೌಲಿಂಗ್: ಬೆನ್ನು ಉಳಿಸಿಕೊಂಡು ಆಡಿರಿ

ವಾರವಿಡೀ ಕುಳಿತು ದುಡಿಯುವವರು ಭಾನುವಾರ ಒಮ್ಮೆಲೇ ವೇಗವಾಗಿ ಚೆಂಡೆಸೆದರೆ ಭುಜ, ಸೊಂಟಗಳು ನೋಯುವುದು ಸಹಜ. ಮೊದಲು 10 ನಿಮಿಷ ನಿಧಾನವಾಗಿ ಓಡಿ ಮೈಯನ್ನು ಬೆಚ್ಚಗಾಗಿಸಿಕೊಳ್ಳಬೇಕು.

ವೇಗಕ್ಕಿಂತ ನಿಖರತೆಯನ್ನು ಸಾಧಿಸುವುದು ಲೇಸು. ಅನಿಲ್ ಕುಂಬ್ಳೆಯವರ 619 ಟೆಸ್ಟ್ ವಿಕೆಟ್‌ಗಳ ಹಿಂದಿನ ದೊಡ್ಡ ಬಲ ಅದೇ. ಪಿಚ್ಚಿನ ಮೇಲೆ ಕರವಸ್ತ್ರ ಹಾಸಿ, ಚೆಂಡು ಅದರ ಮೇಲೆಯೇ ಬೀಳುವಂತೆ ಅಭ್ಯಾಸ ಮಾಡಿರಿ. ಎಸೆದೊಡನೆ ತಟ್ಟನೆ ನಿಲ್ಲದೆ ಕೆಲವು ಹೆಜ್ಜೆ ಮುಂದೆ ಸಾಗಿದರೆ ದೇಹಕ್ಕೆ ಆಘಾತ ತಗ್ಗುತ್ತದೆ.

ವ್ಯಾಯಾಮವು ಅರ್ಧಶಕ್ತಿಯನ್ನು ಮೀರಬಾರದೆಂಬುದು ಆಯುರ್ವೇದದ ವಿಧಿ. ಹಣೆಯಲ್ಲಿ ಬೆವರೊಡೆದು ಬಾಯಿ ಒಣಗಿದಾಗ ವಿರಮಿಸಬೇಕು.

ಬೆಳೆಯುವ ಮಕ್ಕಳಲ್ಲಿ ಅತಿಯಾದ ವೇಗದ ಬೌಲಿಂಗ್ ಬೆನ್ನುಮೂಳೆಯಲ್ಲಿ ಸೂಕ್ಷ್ಮ ಬಿರುಕನ್ನು ಉಂಟುಮಾಡಬಹುದು. ಬೆನ್ನುನೋವು ಮರುಕಳಿಸಿದರೆ ಎಣ್ಣೆ ತಿಕ್ಕಿ ಮತ್ತೆ ಆಟಕ್ಕೆ ಕಳುಹಿಸದೆ ವೈದ್ಯರಿಗೆ ತೋರಿಸಿರಿ.