ದೇಶದ ಭದ್ರತೆಯ ಅಧ್ಯಯನ: ನಾಗರಿಕ ಸೇವಾ ಪರೀಕ್ಷಾರ್ಥಿಗಳು ಅರಿಯಬೇಕಾದುದೇನು?



ನಮ್ಮ ನಾಡಿನ ಹಳ್ಳಿ ಹೋಬಳಿಗಳಿಂದ ಬಂದ ಅನೇಕ ಯುವಕ ಯುವತಿಯರು ಇಂದು ಪ್ರಸಾದ ನಿಲಯಗಳಲ್ಲಿ, ಸಣ್ಣ ಬಾಡಿಗೆ ಕೋಣೆಗಳಲ್ಲಿ, ಊರ ಗ್ರಂಥಾಲಯಗಳಲ್ಲಿ ಕುಳಿತು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಓದುತ್ತಿದ್ದಾರೆ. ಅವರ ಬೆನ್ನ ಹಿಂದೆ ಹೊಲ ಗದ್ದೆಯ ಆದಾಯವನ್ನೇ ನೆಚ್ಚಿದ ತಂದೆತಾಯಿಗಳಿದ್ದಾರೆ. ಅಂತಹ ಓದಿನ ಒಂದೊಂದು ತಿಂಗಳೂ ಬೆಲೆಯುಳ್ಳದ್ದು. ಈ ಪರೀಕ್ಷೆಯ ವಿಷಯಗಳಲ್ಲಿ ದೇಶದ ಭದ್ರತೆ ಮತ್ತು ರಕ್ಷಣೆ ಎಂಬ ಭಾಗವನ್ನು ಹಲವರು ತಪ್ಪು ದಾರಿಯಿಂದ ಪ್ರವೇಶಿಸುತ್ತಾರೆ. ಕ್ಷಿಪಣಿಗಳ ಹೆಸರು, ಅವುಗಳ ವ್ಯಾಪ್ತಿ, ಸಮರಾಭ್ಯಾಸಗಳ ಪಟ್ಟಿ, ದೂರದರ್ಶನದ ಚರ್ಚೆಗಳಲ್ಲಿ ಕೇಳಿದ ಆವೇಶದ ಮಾತು ಇವುಗಳಿಂದ ಪುಸ್ತಕ ತುಂಬುತ್ತದೆ; ಉತ್ತರ ಪತ್ರಿಕೆಯಲ್ಲಿ ಅಂಕ ಮಾತ್ರ ಬೀಳುವುದಿಲ್ಲ. ಏಕೆಂದರೆ ಆಯೋಗವು ಕೇಳುವುದು ಸೈನಿಕನ ಜ್ಞಾನವನ್ನಲ್ಲ, ಆಡಳಿತಗಾರನ ವಿವೇಕವನ್ನು. ಈ ಒಂದು ಮಾತನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪಠ್ಯಕ್ರಮ ಹೇಳುವುದೇನು?

ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಮೂರನೆಯ ಪತ್ರಿಕೆಯಲ್ಲಿ ಭದ್ರತೆಯ ವಿಷಯವಿದೆ. ಪತ್ರಿಕೆಗೆ 250 ಅಂಕ, ಮೂರು ಗಂಟೆಯ ಅವಧಿ, 20 ಪ್ರಶ್ನೆಗಳು. ಇತ್ತೀಚಿನ ಹಲವು ವರ್ಷಗಳಲ್ಲಿ ಇವುಗಳ ಪೈಕಿ ಸಾಮಾನ್ಯವಾಗಿ 50 ಅಂಕಗಳ ಆಸುಪಾಸಿನ ಪ್ರಶ್ನೆಗಳು ಭದ್ರತೆಗೆ ಸೇರಿದವು. ಪಠ್ಯಕ್ರಮವಂತೂ ಕೇವಲ ಐದು ಸಾಲು: ಅಭಿವೃದ್ಧಿಗೂ ಉಗ್ರವಾದದ ಹರಡುವಿಕೆಗೂ ಇರುವ ನಂಟು, ಆಂತರಿಕ ಭದ್ರತೆಗೆ ಹೊರಗಿನ ದೇಶಗಳೂ ಸರ್ಕಾರೇತರ ಶಕ್ತಿಗಳೂ ಒಡ್ಡುವ ಸವಾಲು, ಸಂವಹನ ಜಾಲ, ಮಾಧ್ಯಮ, ಸಾಮಾಜಿಕ ಜಾಲತಾಣ, ಸೈಬರ್ ಭದ್ರತೆ ಹಾಗೂ ಅಕ್ರಮ ಹಣ ವರ್ಗಾವಣೆ, ಗಡಿ ಪ್ರದೇಶಗಳ ಭದ್ರತೆ ಮತ್ತು ಸಂಘಟಿತ ಅಪರಾಧಕ್ಕೂ ಭಯೋತ್ಪಾದನೆಗೂ ಇರುವ ಸಂಬಂಧ, ವಿವಿಧ ಭದ್ರತಾ ಪಡೆಗಳು, ಸಂಸ್ಥೆಗಳು ಮತ್ತು ಅವುಗಳ ಹೊಣೆ.

ಈ ಐದು ಸಾಲುಗಳಲ್ಲಿ ಆಯುಧದ ಹೆಸರು ಒಂದೂ ಇಲ್ಲ. ಅಸ್ತ್ರ ಶಸ್ತ್ರಗಳ ವಿವರ ಪೂರ್ವಭಾವಿ ಪರೀಕ್ಷೆಗೆ ಒಂದಿಷ್ಟು ಬೇಕಾದೀತು; ವಿಜ್ಞಾನ ಮತ್ತು ತಂತ್ರಜ್ಞಾನದ ಓದಿನೊಡನೆ ಅದನ್ನು ಮುಗಿಸಬಹುದು. ಮುಖ್ಯ ಪರೀಕ್ಷೆಯ ಬಹುಪಾಲು ಪ್ರಶ್ನೆಗಳು ಏಕೆ, ಯಾರ ಹೊಣೆ, ಯಾವ ಕಾನೂನು, ಪರಿಹಾರವೇನು ಎಂಬ ನಾಲ್ಕರ ಸುತ್ತಲೇ ಸುಳಿಯುತ್ತವೆ.

ಮೊದಲು ಹೊಣೆಗಾರಿಕೆಯನ್ನು ಅರಿಯಬೇಕು

ಅಧ್ಯಯನದ ಅಡಿಪಾಯ ಸಂವಿಧಾನ. ಏಳನೆಯ ಅನುಸೂಚಿಯ ಪ್ರಕಾರ ದೇಶದ ರಕ್ಷಣೆ ಕೇಂದ್ರ ಪಟ್ಟಿಯ ವಿಷಯ. ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್ ರಾಜ್ಯ ಪಟ್ಟಿಯ ಮೊದಲೆರಡು ವಿಷಯಗಳು. ಆದರೆ 355ನೆಯ ವಿಧಿಯು ಪ್ರತಿಯೊಂದು ರಾಜ್ಯವನ್ನೂ ಬಾಹ್ಯ ಆಕ್ರಮಣದಿಂದ ಮತ್ತು ಆಂತರಿಕ ಕ್ಷೋಭೆಯಿಂದ ಕಾಪಾಡುವ ಕರ್ತವ್ಯವನ್ನು ಒಕ್ಕೂಟದ ಮೇಲೆ ಹೊರಿಸಿದೆ. ಭಯೋತ್ಪಾದನೆಯಾಗಲಿ ನಕ್ಸಲ್ ಹಿಂಸೆಯಾಗಲಿ ಈ ಎರಡು ಅಧಿಕಾರಗಳು ಕೂಡುವೆಡೆಯಲ್ಲಿಯೇ ನಿಲ್ಲುತ್ತವೆ. ಆದುದರಿಂದ ಕೇಂದ್ರ ರಾಜ್ಯಗಳ ಸಮನ್ವಯವೆಂಬುದು ಉತ್ತರದ ಕೊನೆಗೆ ಅಂಟಿಸುವ ಸವಕಲು ಮಾತಲ್ಲ, ಸಮಸ್ಯೆಯ ತಿರುಳು.

ಇದು ಅಧಿಕಾರಿಗೆ ಎಷ್ಟು ಹತ್ತಿರದ ವಿಷಯವೆಂಬುದನ್ನು ಗಮನಿಸಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಾನೂನುಬಾಹಿರ ಗುಂಪನ್ನು ಚದುರಿಸಲು ಬೇರೆ ದಾರಿ ಉಳಿಯದಿದ್ದಾಗ ಸೇನೆಯ ನೆರವು ಕೋರುವ ಅಧಿಕಾರವು ದಂಡಾಧಿಕಾರಿಗಿದೆ. ಹಿಂದೆ 144ನೆಯ ಸೆಕ್ಷನ್ ಎಂದು ನಾವೆಲ್ಲ ಕೇಳಿದ್ದ ನಿಷೇಧಾಜ್ಞೆ ಈಗ ಇದೇ ಸಂಹಿತೆಯ 163ನೆಯ ಸೆಕ್ಷನ್. ಇಂದು ಓದುತ್ತಿರುವ ವಿದ್ಯಾರ್ಥಿ ನಾಳೆ ಉಪವಿಭಾಗದ ಅಧಿಕಾರಿಯಾಗಿ ಆ ಆಜ್ಞೆಗೆ ಸಹಿ ಹಾಕುವವನು. ಒಂದು ಊರಿನ ಅಂಗಡಿ ಬಾಗಿಲು, ಕೂಲಿಯವರ ದಿನದ ದುಡಿಮೆ, ಒಮ್ಮೊಮ್ಮೆ ಪ್ರಾಣಗಳೇ ಆ ಸಹಿಯನ್ನು ಅವಲಂಬಿಸಿರುತ್ತವೆ.

ಪಡೆಗಳ ವಿಷಯದಲ್ಲಿ ಗೊಂದಲ ಹೆಚ್ಚು. ಪಾಕಿಸ್ತಾನ ಮತ್ತು ಬಾಂಗ್ಲಾದೇಶದ ಗಡಿಯನ್ನು ಗಡಿ ಭದ್ರತಾ ಪಡೆ, ಚೀನಾ ಗಡಿಯನ್ನು ಇಂಡೋ-ಟಿಬೆಟನ್ ಗಡಿ ಪೊಲೀಸ್, ನೇಪಾಳ ಮತ್ತು ಭೂತಾನದ ಗಡಿಯನ್ನು ಸಶಸ್ತ್ರ ಸೀಮಾ ಬಲ, ಮ್ಯಾನ್ಮಾರ್ ಗಡಿಯನ್ನು ಅಸ್ಸಾಂ ರೈಫಲ್ಸ್ ಕಾಯುತ್ತವೆ. ಇವುಗಳ ಆಡಳಿತ ಗೃಹ ಸಚಿವಾಲಯದ್ದು. ಆದರೆ ಅಸ್ಸಾಂ ರೈಫಲ್ಸ್‌ನ ಕಾರ್ಯಾಚರಣೆಯ ನಿಯಂತ್ರಣ ಸೇನೆಯ ಕೈಯಲ್ಲಿದೆ. ಕರಾವಳಿ ರಕ್ಷಣಾ ಪಡೆಯಂತೂ ರಕ್ಷಣಾ ಸಚಿವಾಲಯಕ್ಕೇ ಸೇರಿದೆ. ಪತ್ರಿಕೆಗಳು ಅರೆಸೇನಾ ಪಡೆ ಎಂದು ಬರೆಯುವ ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಮೊದಲಾದವುಗಳನ್ನು ಉತ್ತರದಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು ಎಂದು ಬರೆಯುವುದೇ ಸಮಂಜಸ.

ಘಟನೆಯಿಂದ ಸುಧಾರಣೆಯವರೆಗೆ

ಸಂಸ್ಥೆಗಳ ಹೆಸರುಗಳನ್ನು ಕಂಠಪಾಠ ಮಾಡಿದರೆ ಮರೆತುಹೋಗುತ್ತವೆ. ಅವು ಹುಟ್ಟಿದ ಕಾರಣವನ್ನು ತಿಳಿದರೆ ನೆನಪಿನಲ್ಲಿ ನೆಲೆಸುತ್ತವೆ. 1999ರ ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಪರಾಮರ್ಶನ ಸಮಿತಿ ರಚನೆಯಾಯಿತು. ಗುಪ್ತಚರ ವ್ಯವಸ್ಥೆ, ಗಡಿ ನಿರ್ವಹಣೆ, ಸೇನಾಪಡೆಗಳ ಪರಸ್ಪರ ಹೊಂದಾಣಿಕೆ ಇವುಗಳಲ್ಲಿನ ಕೊರತೆಗಳನ್ನು ಅದು ಎತ್ತಿ ತೋರಿತು. ಸಚಿವರ ತಂಡವೊಂದು 2001ರಲ್ಲಿ ನೀಡಿದ ವರದಿಯಿಂದ ಒಂದು ಗಡಿಗೆ ಒಂದೇ ಪಡೆ ಎಂಬ ತತ್ತ್ವ ನೆಲೆಗೊಂಡಿತು. ಮೂರೂ ಪಡೆಗಳಿಗೆ ಸಂಬಂಧಿಸಿ ಸರ್ಕಾರಕ್ಕೆ ಸಲಹೆ ನೀಡುವ ಒಬ್ಬ ರಕ್ಷಣಾ ಪಡೆಗಳ ಮುಖ್ಯಸ್ಥ ಇರಬೇಕೆಂಬ ಸಲಹೆ ಮಾತ್ರ ಬಹುಕಾಲ ಕಡತದಲ್ಲಿಯೇ ಉಳಿದು, ಕೊನೆಗೆ ಜನರಲ್ ಬಿಪಿನ್ ರಾವತ್ ಅವರು 2020ರ ಜನವರಿ 1ರಂದು ಆ ಹುದ್ದೆಯನ್ನು ವಹಿಸಿಕೊಂಡರು.

ಹಾಗೆಯೇ 2008ರ ನವೆಂಬರ್ 26ರ ಮುಂಬೈ ದಾಳಿಯ ಬಳಿಕ ಕೆಲವೇ ವಾರಗಳಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆಯ ಕಾಯ್ದೆ ಬಂದಿತು. ದಾಳಿಕೋರರು ಸಮುದ್ರ ಮಾರ್ಗವಾಗಿ ಬಂದಿದ್ದರಿಂದ ಕಡಲ ಭದ್ರತೆಯ ಒಟ್ಟಾರೆ ಹೊಣೆಯನ್ನು 2009ರಲ್ಲಿ ನೌಕಾಪಡೆಗೆ ವಹಿಸಲಾಯಿತು. ರಾಷ್ಟ್ರೀಯ ಭದ್ರತಾ ದಳದ ನೆಲೆಗಳು ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿಯೂ ಸ್ಥಾಪನೆಯಾದವು. ಘಟನೆ, ಅದು ತೋರಿದ ಕೊರತೆ, ಮಾಡಿದ ಸುಧಾರಣೆ, ಇನ್ನೂ ಉಳಿದಿರುವ ಕೆಲಸ: ಈ ನಾಲ್ಕು ಹೆಜ್ಜೆಗಳಲ್ಲಿ ಬರೆದ ಉತ್ತರಕ್ಕೆ ತಾನಾಗಿಯೇ ಒಂದು ಕ್ರಮ ದೊರೆಯುತ್ತದೆ.

ನಮ್ಮ ಮಲೆನಾಡಿನ ಪಾಠ

ಅಭಿವೃದ್ಧಿಗೂ ಉಗ್ರವಾದಕ್ಕೂ ಇರುವ ನಂಟನ್ನು ವಿವರಿಸಲು ಕರ್ನಾಟಕದ ವಿದ್ಯಾರ್ಥಿ ಛತ್ತೀಸ್‌ಗಢದವರೆಗೆ ಹೋಗಲೇಬೇಕೆಂದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ತಲೆಮಾರುಗಳಿಂದ ಬಾಳಿದ ಕುಟುಂಬಗಳಿಗೆ ಒಕ್ಕಲೆಬ್ಬಿಸುವ ಭೀತಿ ಕಾಡಿತು. ರಸ್ತೆ, ವಿದ್ಯುತ್ತು, ಜಮೀನಿನ ಹಕ್ಕುಪತ್ರ ಇವುಗಳ ಕೊರತೆಯೂ ಅದರೊಂದಿಗೆ ಕೂಡಿತು. 2000ದ ದಶಕದ ಆರಂಭದಲ್ಲಿ ನಕ್ಸಲ್ ಗುಂಪುಗಳು ಈ ಅಸಮಾಧಾನವನ್ನು ಬಳಸಿಕೊಂಡವು. 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ದಾಳಿ ನಡೆದು ಪೊಲೀಸರು ಪ್ರಾಣ ತೆತ್ತರು. ಕಾರ್ಯಾಚರಣೆಗಳ ಜೊತೆಗೆ ಶರಣಾಗತಿ ಮತ್ತು ಪುನರ್ವಸತಿಯ ನೀತಿಯೂ ಸಾಗಿ, 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಆರು ಮಂದಿ ಶಸ್ತ್ರಮಾರ್ಗವನ್ನು ತೊರೆದು ಮುಖ್ಯವಾಹಿನಿಗೆ ಬಂದರು.

ಈ ಪ್ರಸಂಗದಿಂದ 150 ಪದಗಳ ಉತ್ತರವನ್ನು ಹೇಗೆ ಕಟ್ಟಬಹುದು? ಮೊದಲ ವಾಕ್ಯದಲ್ಲಿ ನಂಟಿನ ಸ್ವರೂಪ: ಬಡತನವೊಂದೇ ಬಂದೂಕನ್ನು ಹಿಡಿಸುವುದಿಲ್ಲ, ಅನ್ಯಾಯದ ಭಾವನೆಯೂ ಅದನ್ನು ಬಳಸಿಕೊಳ್ಳುವ ಸಂಘಟನೆಯೂ ಕೂಡಿದಾಗ ಹಿಂಸೆ ಹುಟ್ಟುತ್ತದೆ. ಎರಡನೆಯ ಭಾಗದಲ್ಲಿ ಕಾರಣಗಳು: ಭೂಮಿ, ಅರಣ್ಯ, ಸ್ಥಳಾಂತರ, ಆಡಳಿತದ ಗೈರುಹಾಜರಿ. ಮೂರನೆಯ ಭಾಗದಲ್ಲಿ ಇದರ ತಿರುಗುಮುರುಗು: ಹಿಂಸೆಯಿಂದಾಗಿ ಶಾಲೆ, ಸೇತುವೆ, ಆಸ್ಪತ್ರೆ ಬಾರದೆ ಅಭಿವೃದ್ಧಿಯೇ ನಿಂತುಹೋಗುವುದು. ಕೊನೆಗೆ ಪರಿಹಾರ: ಅನುಸೂಚಿತ ಪ್ರದೇಶಗಳಿಗೆ ಪಂಚಾಯತ್ ವ್ಯವಸ್ಥೆಯನ್ನು ವಿಸ್ತರಿಸಿದ 1996ರ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ ಇವುಗಳ ಪ್ರಾಮಾಣಿಕ ಜಾರಿ, ಜೊತೆಗೆ ದಕ್ಷ ಪೊಲೀಸ್ ವ್ಯವಸ್ಥೆ. ಹಿಂಸೆಯನ್ನು ಸಮರ್ಥಿಸದೆ ಕಾರಣವನ್ನು ಅರಿಯುವುದು, ಕಾರಣವನ್ನು ಅಲ್ಲಗಳೆಯದೆ ಹಿಂಸೆಯನ್ನು ಖಂಡಿಸುವುದು: ಈ ಸಮತೋಲನವನ್ನೇ ಪರೀಕ್ಷಕರು ಹುಡುಕುತ್ತಾರೆ.

ಭದ್ರತೆ ಮತ್ತು ಸ್ವಾತಂತ್ರ್ಯ

ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ 1967, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ 1958, ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ 2002, ಮಾಹಿತಿ ತಂತ್ರಜ್ಞಾನ ಕಾಯ್ದೆ 2000: ಇವು ಅವಶ್ಯವಾಗಿ ಓದಬೇಕಾದವು. ಒಂದೊಂದರಲ್ಲಿಯೂ ಸರ್ಕಾರಕ್ಕೆ ದೊರೆತ ವಿಶೇಷ ಅಧಿಕಾರ, ಅದರ ಅಗತ್ಯ, ದುರುಪಯೋಗದ ಸಾಧ್ಯತೆ, ನ್ಯಾಯಾಲಯ ವಿಧಿಸಿದ ಮಿತಿ ಇವನ್ನು ಒಂದೇ ಹಾಳೆಯಲ್ಲಿ ಬರೆದಿಡಬೇಕು. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಘೋಷಿಸಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಹಕ್ಕಿಗೆ ಮಿತಿ ಹಾಕುವ ಕ್ರಮಕ್ಕೆ ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ, ಉದ್ದೇಶಕ್ಕೆ ತಕ್ಕ ಪ್ರಮಾಣ ಇವು ಇರಬೇಕೆಂಬುದು ಆ ತೀರ್ಪಿನಿಂದ ದೊರೆಯುವ ಅಳತೆಗೋಲು. ಅಂತರ್ಜಾಲ ಸ್ಥಗಿತವಾಗಲಿ ದೂರವಾಣಿ ನಿಗಾವಣೆಯಾಗಲಿ ಇದೇ ಅಳತೆಗೋಲಿನಿಂದ ತೂಗಿ ಬರೆಯಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಯಾವುದೇ ಧರ್ಮವನ್ನೋ ಪ್ರದೇಶವನ್ನೋ ಭಾಷಿಕರನ್ನೋ ಒಟ್ಟಾರೆ ಸಂಶಯಿಸುವ ವಾಕ್ಯ ಉತ್ತರದಲ್ಲಿ ನುಸುಳಬಾರದು. ಅಂತಹ ವಾಕ್ಯ ಅಂಕವನ್ನು ಕಳೆಯುವುದು ಸಣ್ಣ ನಷ್ಟ; ಅಂತಹ ಮನಸ್ಸು ಅಧಿಕಾರದ ಕುರ್ಚಿಯಲ್ಲಿ ಕುಳಿತರೆ ಸಮಾಜಕ್ಕೆ ಆಗುವುದು ದೊಡ್ಡ ನಷ್ಟ.

ಕನ್ನಡದಲ್ಲಿ ಬರೆಯುವವರಿಗೆ

ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು, ಸಂದರ್ಶನವನ್ನು ಕನ್ನಡದಲ್ಲಿ ಎದುರಿಸಲು ಅವಕಾಶವಿದೆ. ಆದರೆ ಸಾಮಾನ್ಯ ಅಧ್ಯಯನದ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತವೆ. ಆದುದರಿಂದ ಪಾರಿಭಾಷಿಕ ಪದಗಳನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಪತ್ರಿಕೆಗಳಲ್ಲಿ ಭಯೋತ್ಪಾದಕರನ್ನು ಉಗ್ರರು ಎನ್ನುವುದು ವಾಡಿಕೆ. ಪಠ್ಯಕ್ರಮದಲ್ಲಾದರೋ ಉಗ್ರವಾದ ಮತ್ತು ಭಯೋತ್ಪಾದನೆ ಬೇರೆ ಬೇರೆ: ಮೊದಲನೆಯದು ತೀವ್ರ ವಿಚಾರಧಾರೆ, ಎರಡನೆಯದು ಜನರಲ್ಲಿ ಭೀತಿ ಹುಟ್ಟಿಸುವ ಹಿಂಸಾಕೃತ್ಯ. ರಾಜ್ಯ ಎಂಬ ಪದವಂತೂ ಇನ್ನೂ ತೊಡಕಿನದು. ಅದಕ್ಕೆ ಕರ್ನಾಟಕದಂತಹ ರಾಜ್ಯವೆಂಬ ಅರ್ಥವೂ ಇದೆ, ಸಾರ್ವಭೌಮ ಪ್ರಭುತ್ವವೆಂಬ ಅರ್ಥವೂ ಇದೆ. ರಾಜ್ಯೇತರ ಶಕ್ತಿ ಎಂದು ಬರೆದರೆ ಹೊರರಾಜ್ಯದವರು ಎಂಬ ಅರ್ಥ ಹೊಮ್ಮಬಹುದು. ಸರ್ಕಾರೇತರ ಶಕ್ತಿ ಎಂದರೆ ಸ್ಪಷ್ಟ. ಇಂತಹ ನಲವತ್ತು ಐವತ್ತು ಪದಗಳ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡು ಎಲ್ಲ ಉತ್ತರಗಳಲ್ಲಿಯೂ ಒಂದೇ ಬಗೆಯಾಗಿ ಬಳಸಬೇಕು.

ಏನನ್ನು ಓದಬೇಕು?

ವೀರಪ್ಪ ಮೊಯ್ಲಿಯವರ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗವು ಸಾರ್ವಜನಿಕ ಸುವ್ಯವಸ್ಥೆ, ಸಂಘರ್ಷ ನಿವಾರಣೆ, ಭಯೋತ್ಪಾದನೆಯ ನಿಗ್ರಹ ಈ ಮೂರು ವಿಷಯಗಳಲ್ಲಿ ನೀಡಿದ ವರದಿಗಳು ಇಂದಿಗೂ ಉಪಯುಕ್ತ. ಗೃಹ ಮತ್ತು ರಕ್ಷಣಾ ಸಚಿವಾಲಯಗಳ ವಾರ್ಷಿಕ ವರದಿಗಳು, ಸಂಸದೀಯ ಸ್ಥಾಯಿ ಸಮಿತಿಗಳ ವರದಿಗಳು ಉಚಿತವಾಗಿಯೇ ದೊರೆಯುತ್ತವೆ. ಅಂಕಿಅಂಶವನ್ನು ಬರೆದುಕೊಳ್ಳುವಾಗ ವರ್ಷವನ್ನೂ ನಮೂದಿಸಬೇಕು. ಬಹುಕಾಲ 7,516 ಕಿಲೋಮೀಟರ್ ಎಂದು ಓದಿಕೊಂಡು ಬಂದಿದ್ದ ದೇಶದ ಕರಾವಳಿಯ ಉದ್ದವು ಮರು ಅಳತೆಯ ಬಳಿಕ 11,098 ಕಿಲೋಮೀಟರ್ ಆಗಿದೆ. ಕಡಲು ಬೆಳೆಯಲಿಲ್ಲ, ಅಳೆಯುವ ವಿಧಾನ ಸೂಕ್ಷ್ಮವಾಯಿತು. ಹಳೆಯ ಪುಸ್ತಕವನ್ನೇ ನೆಚ್ಚಿದವರು ಹಳೆಯ ಅಂಕಿಯನ್ನೇ ಬರೆಯುತ್ತಾರೆ.

ಸಂದರ್ಶನಕ್ಕೆ ಹೋಗುವ ಕನ್ನಡಿಗರು ತಮ್ಮ ನಾಡಿನ ಪಾತ್ರವನ್ನು ಅರಿತಿರಬೇಕು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಕೊಡಗಿನ ಕೆ.ಎಂ. ಕಾರ್ಯಪ್ಪನವರು, ಆ ದಿನವೇ ಸೇನಾ ದಿನ. ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ, 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, 2005ರಲ್ಲಿ ಕಾರ್ಯಾರಂಭ ಮಾಡಿದ ಕಾರವಾರದ ಕದಂಬ ನೌಕಾನೆಲೆ, 2023ರಲ್ಲಿ ಉದ್ಘಾಟನೆಗೊಂಡ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ ಇವೆಲ್ಲ ನಮ್ಮ ನೆಲದಲ್ಲಿಯೇ ಇವೆ. ಇವುಗಳಿಂದ ಬಂದ ಉದ್ಯೋಗದ ಜೊತೆಗೆ, ನೌಕಾನೆಲೆಗಾಗಿ ಊರು ಬಿಟ್ಟ ಕುಟುಂಬಗಳ ತ್ಯಾಗವನ್ನೂ ಬಲ್ಲವನ ಮಾತಿಗೆ ತೂಕವಿರುತ್ತದೆ.

ತಂದೆತಾಯಿಗಳಲ್ಲಿ ಒಂದು ಮಾತು

ಐದು ಸಾಲಿನ ಪಠ್ಯಕ್ರಮವನ್ನು ದಿನಕ್ಕೆ ಒಂದು ಗಂಟೆಯಂತೆ ಎರಡು ತಿಂಗಳು ಓದಿ, ವಾರಕ್ಕೆ ನಾಲ್ಕು ಉತ್ತರಗಳನ್ನು ಬರೆದು, ಬಲ್ಲವರಿಂದ ತಿದ್ದಿಸಿಕೊಂಡರೆ ಈ ಭಾಗಕ್ಕೆ ಭದ್ರವಾದ ತಳಹದಿ ದೊರೆಯುತ್ತದೆ. ಇದಕ್ಕೆ ದುಬಾರಿ ತರಗತಿಯೇ ಬೇಕೆಂದಿಲ್ಲ. ಮನೆಯಲ್ಲಿ ಯುದ್ಧದ ವದಂತಿಗಳನ್ನು ಹಂಚಿಕೊಳ್ಳುವ ಬದಲು, ಇದನ್ನು ಹೇಳಿದವರು ಯಾರು, ಆಧಾರವೇನು ಎಂದು ಮಕ್ಕಳೊಡನೆ ಕೇಳುವ ಅಭ್ಯಾಸವಿದ್ದರೆ ಅದೇ ದೊಡ್ಡ ಸಹಾಯ. ಪರೀಕ್ಷೆಯಲ್ಲಿ ಉತ್ತೀರ್ಣರಾಗುವವರು ಕೆಲವರೇ. ಆದರೆ ದೇಶದ ಸುರಕ್ಷತೆಯನ್ನು ರೋಷದಿಂದಲ್ಲ, ಕಾನೂನು ಮತ್ತು ಕರುಣೆಗಳಿಂದ ಚಿಂತಿಸಬಲ್ಲ ಪ್ರಜೆ ಯಾವ ವೃತ್ತಿಯಲ್ಲಿದ್ದರೂ ಊರಿಗೆ ಆಸರೆ. ಓದನ್ನು ಕಾಯಕವೆಂದು ಕೈಗೊಂಡಿರುವ ಎಲ್ಲ ವಿದ್ಯಾರ್ಥಿಗಳಿಗೂ ಶುಭವನ್ನು ಹಾರೈಸುತ್ತೇವೆ.